ಅಸಿಟೋನ್ ಎಂದು ಬರೆದ ಸಾಲು

ಇದು ಆಗುವ ಮಾತಲ್ಲ ಎಂದು ಮೊದಲು ಹೇಳಿದವನು ನನ್ನ ಮಾಮಾ, ಅಂದರೆ ಅವ್ವನ ಅಣ್ಣ. ಭಾಲ್ಕಿಯಲ್ಲಿ ಅವನ ಮನೆ. ಮಿಶನ್ ಕಾಲದ ಹಳೆಯ ದವಾಖಾನೆಯೊಂದರಲ್ಲಿ ಕಂಪೌಂಡರ್ ಆಗಿದ್ದು ಕೂದಲು ಬೆಳ್ಳಗಾದವನು. ಔಷಧ ಅಳೆದ ಕೈ ತನ್ನದು, ಹಾಗಾಗಿ ಕೆಮಿಸ್ಟ್ರಿಯ ವಿಷಯದಲ್ಲಿ ಇಡೀ ಮನೆತನದ ಪರವಾಗಿ ಮಾತಾಡುವ ಹಕ್ಕೂ ತನ್ನದೇ ಎಂದು ಅವನು ತಿಳಿದಿದ್ದ. ನಾನು ಔರಾದಿನಲ್ಲಿ ಬಿ.ಎಸ್ಸಿ. ಮುಗಿಸಿದ್ದೆ. ಬೀದರಿನಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿದೆ ಎಂದು ಹೇಳಲು ಅವ್ವನೂ ನಾನೂ ಅವನ ಮನೆಗೆ ಹೋದೆವು. ಅವನು ನನ್ನ ಕಡೆ ನೋಡಲೇ ಇಲ್ಲ. ಅವ್ವನಿಗೆ ಹೇಳಿದ:

“ನರ್ಸಿಂಗ್ ಮಾಡಸು, ಟೀಚರ್ ಮಾಡಸು, ಬ್ಯಾಡ ಅನ್ನಲ್ಲ. ಇದು ನಮ್ಮ ಮಂದಿ ಕೈಲಿ ಮುಗಿಯೋದಲ್ಲ ತಂಗಿ. ಎರಡು ವರ್ಷ ಬಿಡ್ತೇನಿ. ಮೂರನೇ ವರ್ಷದ ಮಾತು ನನ್ನ ಮುಂದ ತೆಗಿಬ್ಯಾಡ.”

ಅಪ್ಪನಿಗೆ ಮಾತು ಕಡಿಮೆ. ನಮ್ಮ ಮನೆಯ ದೊಡ್ಡ ತೀರ್ಮಾನಗಳೆಲ್ಲ ಭಾಲ್ಕಿಯಲ್ಲೇ ಆಗುತ್ತಿದ್ದವು. ಆದ್ದರಿಂದ ನನಗಿದ್ದದ್ದು ಬರೋಬ್ಬರಿ ಎರಡು ವರ್ಷ. ಅದರೊಳಗೆ ಪದವಿ ಕೈಗೆ ಬಂದರೆ ಬಂತು, ಒಂದು ಸೆಮಿಸ್ಟರ್ ತಪ್ಪಿದರೂ ನಮ್ಮೂರು ಸಂತಪುರಕ್ಕೆ ವಾಪಸ್ಸು. ನಮ್ಮ ಮನೆಗೆ ಕಾಲೇಜು ಎಂಬುದು ಬಂದದ್ದೇ ನನ್ನಿಂದ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹೇಳಿಕೊಳ್ಳಲು ಸಂಕೋಚವಾಗುವ ಸಂಗತಿ ಬೇರೆ ಇದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾಲ್ಕನೇ ಸೆಮಿಸ್ಟರಿನಲ್ಲಿ ಪ್ರಾಜೆಕ್ಟ್ ಇರುತ್ತದೆ. ನನಗೆ ಬಂದದ್ದು ನೀರಿನ ಬ್ಯಾಟರಿ. ಫೋನಿನೊಳಗಿನ ಲಿಥಿಯಂ ಬ್ಯಾಟರಿಯನ್ನು ಕಟ್ಟಬೇಕಾದರೆ ತೇವದ ಸುಳಿವೂ ಇಲ್ಲದ, ಗಾಳಿಯೂ ನುಸುಳದ ಗಾಜಿನ ಪೆಟ್ಟಿಗೆ ಬೇಕು. ನಮ್ಮ ವಿಭಾಗದಲ್ಲಿ ಕಿಟಕಿಯ ಗಾಜೇ ಅರ್ಧ ಇರಲಿಲ್ಲ. ಸತುವಿನ ಬ್ಯಾಟರಿಗೆ ಆ ರಗಳೆ ಇಲ್ಲ. ಒಂದು ಕಡೆ ಸತುವಿನ ಹಾಳೆ, ನಡುವೆ ಸತುವಿನ ಉಪ್ಪು ಕರಗಿಸಿದ ನೀರು, ಇನ್ನೊಂದು ಕಡೆ ಕ್ಯಾಥೋಡು. ಬೆಂಕಿ ಹತ್ತುವುದಿಲ್ಲ, ಕಿಟಕಿ ತೆರೆದಿಟ್ಟೇ ಮಾಡಬಹುದು. ಕ್ಯಾಥೋಡಿಗೆ ಬಳಸುವುದು ಮ್ಯಾಂಗನೀಸ್ ಡೈಆಕ್ಸೈಡು, ಟಾರ್ಚಿನ ಸೆಲ್ಲು ಒಡೆದರೆ ಕೈಗೆ ಮೆತ್ತುತ್ತದಲ್ಲ, ಅದೇ ಕರಿ ಪುಡಿ. ಆ ಪುಡಿ ಚಾರ್ಜನ್ನು ಚೆನ್ನಾಗಿಯೇ ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಅದರಲ್ಲಿ ಕರೆಂಟು ಸರಿಯಾಗಿ ಹರಿಯುವುದಿಲ್ಲ, ಮೇಲಾಗಿ ದಿನ ಕಳೆದಂತೆ ನೀರಿನಲ್ಲಿ ಕರಗತೊಡಗುತ್ತದೆ. ಅದಕ್ಕೆ ಜೊತೆಯಾಗಿ ಪಾಲಿಅನಿಲಿನ್ ಎಂಬ, ಕರೆಂಟು ಹರಿಸುವ ಪ್ಲಾಸ್ಟಿಕ್ ಜಾತಿಯ ವಸ್ತುವನ್ನು ಬೆಳೆಸಬೇಕು. ಎರಡೂ ಹೆಣೆದುಕೊಂಡು ಬೆಳೆದರೆ ಒಂದರ ಕೊರತೆಯನ್ನು ಇನ್ನೊಂದು ಮುಚ್ಚುತ್ತದೆ. ಕಾಗದದ ಮೇಲೆ ಸಂಗತಿ ಇಷ್ಟೇ.

ಮಾಡುವ ಕ್ರಮವೂ ಸರಳ. ಸಣ್ಣ ಕಣ್ಣಿನ ಸ್ಟೀಲ್ ಜಾಲರಿಯನ್ನು ಅಂಚೆಚೀಟಿಯಷ್ಟು ಕತ್ತರಿಸಬೇಕು. ಅಸಿಟೋನಿನಲ್ಲಿ ತೊಳೆದು ಎಣ್ಣೆ ಜಿಡ್ಡು ತೆಗೆಯಬೇಕು. ಬೀಕರಿನಲ್ಲಿ ಆಮ್ಲದ ನೀರು, ಪಾಲಿಅನಿಲಿನ್ನಿಗೆ ಮೂಲವಾದ ಅನಿಲಿನ್ನು ಎಂಬ ದ್ರವ, ಅದರೊಳಗೆ ಜಾಲರಿಯನ್ನು ತೂಗಿಬಿಟ್ಟು, ಬೀಕರಿನ ಸುತ್ತ ಐಸು ತುಂಬಬೇಕು. ಐಸನ್ನು ನಾವು ಗೇಟಿನ ಎದುರಿನ ಜ್ಯೂಸ್ ಅಂಗಡಿಯಿಂದ ತರುತ್ತಿದ್ದೆವು. ಆಮೇಲೆ ಪರ್ಮ್ಯಾಂಗನೇಟಿನ ನೇರಳೆ ದ್ರಾವಣವನ್ನು ಹನಿ ಹನಿಯಾಗಿ ಬಿಡಬೇಕು. ನೇರಳೆ ಕಂದಾಗಿ, ಕಂದು ಕರಿಹಸಿರಾಗಿ, ಜಾಲರಿಯ ಮೇಲೆ ಪದರ ಕೂರುತ್ತದೆ. ಒಂದೇ ಬೀಕರಿನಲ್ಲಿ ಆಕ್ಸೈಡೂ ಪಾಲಿಮರೂ ಕೂಡಿಯೇ ಹುಟ್ಟುತ್ತವೆ.

ನನ್ನ ಬೀಕರಿನಲ್ಲಿ ಹುಟ್ಟುತ್ತಿದ್ದವು, ಆದರೆ ನಿಲ್ಲುತ್ತಿರಲಿಲ್ಲ. ಸೆಲ್ಲು ಕಟ್ಟಿ ಯಂತ್ರಕ್ಕೆ ಸಿಕ್ಕಿಸಿ ನಾಲ್ಕಾರು ಸಲ ಚಾರ್ಜು ಮಾಡಿ ಇಳಿಸುವಷ್ಟರಲ್ಲಿ ಪದರವು ಬಿಸಿಲಿಗೆ ಸುಟ್ಟ ಚರ್ಮದಂತೆ ಸುಲಿದು ನೀರಿನ ತಳಕ್ಕೆ ಬೀಳುತ್ತಿತ್ತು. ಫೆಬ್ರುವರಿ ಹೋಯಿತು, ಮಾರ್ಚ್ ಬಂತು, ನನ್ನ ಬಳಿ ಇದ್ದದ್ದು ಸುಲಿದ ಸಿಪ್ಪೆ ಮಾತ್ರ.

ನಮ್ಮ ಗೈಡ್ ಸರ್ ಮೊದಲು ಗ್ರಾಫ್ ನೋಡುವವರಲ್ಲ, ನೋಟ್‌ಬುಕ್ ನೋಡುವವರು. ಪ್ರತಿ ಪುಟಕ್ಕೂ ನಂಬರು, ಪ್ರತಿ ದಿನಕ್ಕೂ ಅವರ ಸಹಿ. ಪುಟ ಹರಿಯುವಂತಿಲ್ಲ, ವೈಟ್ನರ್ ಹಚ್ಚುವಂತಿಲ್ಲ. ತಪ್ಪಿದರೆ ಒಂದೇ ಗೆರೆ ಎಳೆಯಬೇಕು, ಕೆಳಗಿನದು ಓದಲು ಬರಬೇಕು. ಹಿಂದೆ ಯಾರೋ ಒಬ್ಬ ವಿದ್ಯಾರ್ಥಿ ಮಾಡದ ಪ್ರಯೋಗವನ್ನು ಮಾಡಿದ್ದೇನೆಂದು ಬರೆದು ಅವರ ಮರ್ಯಾದೆ ಕಳೆದಿದ್ದನಂತೆ. ಅಂದಿನಿಂದ ಅವರಿಗೆ ಯಾರ ಮೇಲೂ ಪೂರ್ತಿ ಭರೋಸಾ ಇಲ್ಲ. ಅವರಿಗೊಂದು ಅಭ್ಯಾಸವಿತ್ತು. ಬೈಯುವಾಗ ನನ್ನನ್ನು ‘ನೀ’ ಎನ್ನುತ್ತಿದ್ದರು. ಸಂಶಯ ಬಂದರೆ ‘ನೀವು’ ಎನ್ನುತ್ತಿದ್ದರು. ಬೈಗುಳಕ್ಕಿಂತ ಆ ಮರ್ಯಾದೆಗೆ ನಾವೆಲ್ಲ ಹೆದರುತ್ತಿದ್ದೆವು.

ಈಸ್ಟರ್ ಬಂತು. ಮೂರು ದಿನ ರಜೆ. ಹೊಸ ಜಾಲರಿ ಆಗಷ್ಟೇ ಬಂದಿತ್ತು, ಅಸಿಟೋನಿನ ಬಾಟಲಿ ತಳ ಕಂಡಿತ್ತು. ಕತ್ತರಿಸಿದ ಆರು ತುಂಡುಗಳನ್ನು ಟಿಫಿನ್ ಡಬ್ಬಿಯಲ್ಲಿ ಹಾಕಿಕೊಂಡು ಸಂತಪುರದ ಬಸ್ಸು ಹತ್ತಿದೆ, ಊರಲ್ಲೇ ಏನಾದರೂ ಮಾಡಿ ತೊಳೆದು ತಂದರೆ ರಜೆ ಮುಗಿದ ಕೂಡಲೇ ಕೆಲಸ ಹಿಡಿಯಬಹುದೆಂದು. ಅವ್ವ ಮನೆಯ ಹಿಂದೆ ಹಲಗೆ ಹಾಕಿಕೊಂಡು ಚರ್ಚಿನ ಹಿತ್ತಾಳೆಯ ಕಾಣಿಕೆ ತಟ್ಟೆಗಳನ್ನು ತಿಕ್ಕುತ್ತಿದ್ದಳು. ಹಬ್ಬಕ್ಕೆ ಮುಂಚೆ ತಟ್ಟೆ ತಿಕ್ಕುವುದು ಅಜ್ಜಿಯ ಕಾಲದಿಂದ ನಮ್ಮ ಮನೆಯ ಪಾಲಿನ ಕೆಲಸ, ಬೇರೆಯವರಿಗೆ ಅವಳು ಕೊಡುವುದಿಲ್ಲ. ತೊಗರಿ ಕಟ್ಟಿಗೆಯ ಬೂದಿಯನ್ನು ಹಳೇ ಧೋತರದಲ್ಲಿ ಸೋಸಿ, ಹುಣಸೆಯ ರಸದಲ್ಲಿ ಕಲಸಿ, ತೆಂಗಿನ ನಾರಿನಿಂದ ಹಚ್ಚಿ, ಒಂದೇ ದಿಕ್ಕಿಗೆ ತಿಕ್ಕುತ್ತಾಳೆ. ಆಮೇಲೆ ಮೇಲೆ ನೀರು ಸುರುವಿ ವಾರೆ ಹಿಡಿದು ನೋಡುತ್ತಾಳೆ. ನೀರು ಹನಿ ಕಟ್ಟಿ ನಿಂತರೆ ಜಿಡ್ಡು ಹೋಗಿಲ್ಲ, ಮತ್ತೆ ತಿಕ್ಕು. ನೀರು ಹಾಳೆಯ ಹಾಗೆ ಹರಡಿ ನಿಂತರೆ ತಟ್ಟೆ ಶುದ್ಧ. ಇದು ಅವಳ ಕಾಯಿದೆ.

ನಾನು ಪಕ್ಕದಲ್ಲಿ ಕುಳಿತು ಉಳಿದ ಬೂದಿಯಲ್ಲಿ ನನ್ನ ಆರು ತುಂಡುಗಳನ್ನೂ ತಿಕ್ಕಿದೆ. ಅವ್ವ ತಾನೇ ಎರಡನ್ನು ಇಸಿದುಕೊಂಡು ಇನ್ನೊಮ್ಮೆ ತಿಕ್ಕಿ ಕೊಟ್ಟಳು. ಹಬ್ಬ ಮುಗಿಸಿ ಬಂದು ಪದರ ಕೂರಿಸಿ ಸೆಲ್ಲು ಕಟ್ಟಿದೆ.

ನೋಟ್‌ಬುಕ್ಕಿನಲ್ಲಿ ಮಾತ್ರ ಬರೆದೆ: ಜಾಲರಿಯನ್ನು ಅಸಿಟೋನಿನಲ್ಲಿ ತೊಳೆಯಲಾಯಿತು.

ಯಾಕೆ ಹಾಗೆ ಬರೆದೆ ಎಂದು ಆಮೇಲೆ ನೂರು ಸಲ ಕೇಳಿಕೊಂಡಿದ್ದೇನೆ. ಹಿಂದಿನ ಪುಟದಲ್ಲಿ ಹಾಗೇ ಇತ್ತು, ನೋಡಿ ಇಳಿಸಿದೆ ಎನ್ನಬಹುದು. ಅದು ಅರ್ಧ ನಿಜ. ಇನ್ನರ್ಧ ಏನೆಂದರೆ, ಹುಣಸೆ, ಬೂದಿ ಎಂದು ಬರೆಯಲು ನನಗೆ ನಾಚಿಕೆಯಾಯಿತು. ಬೀದರಿನವರ ನಡುವೆ ನಾನು ಮೊದಲೇ ಸಂತಪುರದಾಕಿ. ಅದರ ಮೇಲೆ ಪಾತ್ರೆ ತಿಕ್ಕುವುದನ್ನು ಪ್ರಯೋಗದ ಪುಸ್ತಕದಲ್ಲಿ ಬರೆದರೆ ನಗದೆ ಬಿಡುತ್ತಾರೆಯೇ? ಹೇಗಿದ್ದರೂ ತೊಳೆಯುವುದು ತೊಳೆಯುವುದೇ ಅಂದುಕೊಂಡೆ. ಸರ್ ಆ ಪುಟಕ್ಕೂ ಸಹಿ ಹಾಕಿದರು.

ಆ ಆರು ಸೆಲ್ಲುಗಳು ನಡೆದವು. ಒಂದು ದಿನ, ಎರಡು ದಿನ, ವಾರ. ಪದರ ಅಲುಗಲಿಲ್ಲ. ಯಂತ್ರದ ಪರದೆಯ ಮೇಲಿನ ಗೆರೆ ಮೇಜಿನಷ್ಟು ಸಪಾಟು. ನಾನು ಕುಣಿಯುವುದೊಂದು ಬಾಕಿ. ಸರ್ ಮಾತ್ರ ಪರದೆಯನ್ನೂ ನನ್ನನ್ನೂ ಸರತಿಯಂತೆ ನೋಡಿದರು. ಎರಡು ತಿಂಗಳು ಸುಲಿದದ್ದು ಒಂದು ಹಬ್ಬದಲ್ಲಿ ಯಾಕೆ ನಿಂತಿತು ಎಂದು ಕೇಳಿದರು. ಕೈ ಕುದುರಿರಬೇಕು ಸರ್ ಎಂದೆ.

“ಹಂಗಾರ ಇನ್ನೊಮ್ಮೆ ಮಾಡ್ರಿ,” ಎಂದರು. “ನೀವು ಏನ್ ಬರ್ದೀರಿ, ಅದೇ ಪ್ರಕಾರ.”

ನೀವು ಎಂದರು.

ಬರೆದ ಪ್ರಕಾರವೇ ಮಾಡಿದೆ. ಹೊಸ ಅಸಿಟೋನು ಬಂದಿರಲಿಲ್ಲ, ಇದ್ದ ಬಾಟಲಿಯಲ್ಲೇ ತೊಳೆದೆ. ಎಲ್ಲ ಸುಲಿಯಿತು. ಮತ್ತೆ ಮಾಡಿದೆ, ಮತ್ತೆ ಸುಲಿಯಿತು. ಮೂರನೇ ಸಲದ ಸಿಪ್ಪೆಯನ್ನು ಸರ್ ಕಡ್ಡಿಯಿಂದ ಎತ್ತಿ ನೋಡಿದರು. ಒಂದು ಸಲ ಬಂದು ಮತ್ತೆ ಬಾರದ ಫಲಿತಾಂಶ ತಮಗೆ ಬೇಡ, ತಮ್ಮ ಕಣ್ಣೆದುರು ಇನ್ನೊಮ್ಮೆ ಬಾರದಿದ್ದರೆ ಪ್ರಾಜೆಕ್ಟಿಗೆ ಸಹಿ ಹಾಕುವುದಿಲ್ಲ ಎಂದು ಸಿಟ್ಟೇ ಇಲ್ಲದೆ ಹೇಳಿದರು. ಹೊರಗಿನ ಪರೀಕ್ಷಕರು ಬರಲು ಮೂರು ವಾರ ಉಳಿದಿತ್ತು. ಸಹಿ ಇಲ್ಲದಿದ್ದರೆ ಪ್ರಾಜೆಕ್ಟಿಲ್ಲ, ಪ್ರಾಜೆಕ್ಟಿಲ್ಲದಿದ್ದರೆ ಮುಂದಿನ ವರ್ಷ. ಮುಂದಿನ ವರ್ಷ ಅಂದರೆ ಮೂರನೇ ವರ್ಷ. ಅದು ನನ್ನ ಪಾಲಿಗೆ ಇರಲಿಲ್ಲ.

ನಾನು ಕಳ್ಳರನ್ನು ಹುಡುಕತೊಡಗಿದೆ. ಹಾಗಲ್ಲದೆ ಬೇರೆ ಅರ್ಥವೇ ಹೊಳೆಯಲಿಲ್ಲ. ಮೊದಲು ಅನಿಲಿನ್ನಿನ ಮೇಲೆ ಸಂಶಯ ಬಂತು. ಅದು ಹಳೆಯದಾದರೆ ಚಹಾದ ಬಣ್ಣಕ್ಕೆ ತಿರುಗುತ್ತದೆ. ಬಟ್ಟಿ ಇಳಿಸಿ ತಿಳಿಯಾಗಿಸಿಕೊಂಡೆ, ಆದರೂ ಸುಲಿಯಿತು. ಆಮೇಲೆ ಐಸಿನ ಮೇಲೆ, ಜ್ಯೂಸ್ ಅಂಗಡಿಯವನು ಉಪ್ಪಿನ ನೀರಿನ ಐಸು ಕೊಡುತ್ತಿದ್ದಾನೆಯೇ ಎಂದು. ಐಸು ಬೀಕರಿನ ಹೊರಗೆ ಇರುವುದೆಂಬುದೂ ಮರೆತುಹೋಗಿತ್ತು. ಕೊನೆಗೆ ನನ್ನ ಸಂಶಯ ಜೊತೆಗಾತಿಯ ಮೇಲೆ ನೆಟ್ಟಿತು.

ಅವಳು ಕಮಲನಗರದ ಹುಡುಗಿ. ಪಕ್ಕದ ಮೇಜು, ಅದೇ ಯಂತ್ರ, ಅವಳದೂ ಸತುವಿನ ಬ್ಯಾಟರಿಯೇ, ಆದರೆ ಬೇರೆ ಆಕ್ಸೈಡು. ಸಿಟ್ಟು ಬಂದರೆ ಕನ್ನಡ ಬಿಟ್ಟು ಮರಾಠಿಗೆ ಹೋಗುತ್ತಿದ್ದಳು. ನನ್ನ ಸೆಲ್ಲು ನಡೆದ ದಿನದಿಂದ ಅವಳು ನನ್ನ ಮೇಜಿನ ಬಳಿ ಹೆಚ್ಚು ಸುಳಿಯುತ್ತಿದ್ದಾಳೆ ಎನ್ನಿಸಿತು. ಎಷ್ಟು ಹೊತ್ತು ಅದ್ದಿದೆ, ಯಾವ ಬಾಟಲಿ ಬಳಸಿದೆ ಎಂದು ಕೇಳುವುದು ಬೇರೆ. ಒಳ್ಳೆಯ ಜಾಲರಿಗಳನ್ನು ತೆಗೆದು ಕೆಟ್ಟವನ್ನು ಇಡುತ್ತಿದ್ದಾಳೆ ಎಂದು ಲೆಕ್ಕ ಹಾಕಿದೆ. ತುಂಡುಗಳ ಮೂಲೆಗೆ ಕತ್ತರಿಯಿಂದ ಸಣ್ಣ ಗುರುತು ಮಾಡಿದೆ. ತೇವ ತಾಗದಂತೆ ಅವನ್ನು ಇಡುವ ಗಾಜಿನ ಡೆಸಿಕೇಟರಿನ ಮುಚ್ಚಳದ ಅಂಚಿಗೆ ನನ್ನದೇ ತಲೆಯ ಒಂದು ಕೂದಲು ಅಡ್ಡ ಅಂಟಿಸಿಟ್ಟೆ. ಮರುದಿನ ನೋಡಿದರೆ ಕೂದಲು ಮೇಜಿನ ಮೇಲೆ ಬಿದ್ದಿತ್ತು.

ಅವಳನ್ನು ಕಾರಿಡಾರಿನಲ್ಲಿ ಹಿಡಿದೆ.

“ನನ್ನ ಡೆಸಿಕೇಟರ್ ಯಾಕ ತೆಗ್ದಿ?”

“ನೀ ನನ್ನ ಸತುವಿನ ಹಾಳಿ ಒಳಗ ಮುಚ್ಚಿಟ್ಟೀಯೇನು ನೋಡ್ಲಿಕ್ಕ ತೆಗ್ದೆ. ಸಿಗಲಿಲ್ಲ. ಎಲ್ಲಿಟ್ಟೀದಿ?”

“ನಿನ್ನ ಹಾಳಿ ನಂಗ್ಯಾಕ ಬೇಕು?”

“ಮತ್ತ ನಿನ್ನ ಜಾಲರಿ ನಂಗ್ಯಾಕ? ನನ್ನ ಹಾಳಿ ಕಡಿಮಿ ಆಗ್ಯಾದ, ನಿನ್ನ ಆ ಆರು ಸೆಲ್ಲು ಮಾತ್ರ ಚಲೋ ನಡೀತಾವ. ನಾ ಏನಂತ ತಿಳ್ಕೋಬೇಕು?”

ಅವಳು ತನ್ನ ಸತುವಿನ ಹಾಳೆಯ ಅಂಚಿಗೆ ದಿನಾಲೂ ಪೆನ್ಸಿಲಿನಿಂದ ಗೆರೆ ಎಳೆದಿಟ್ಟು ಬರುತ್ತಿದ್ದಳಂತೆ, ನನ್ನನ್ನು ಹಿಡಿಯಲು. ಒಂದು ಸಂಜೆ ತಾನೇ ಹೆಚ್ಚು ಕತ್ತರಿಸಿ ಮರೆತಿದ್ದಳು ಎಂಬುದು ಆಮೇಲೆ ಅವಳದೇ ನೋಟ್‌ಬುಕ್ಕಿನಲ್ಲಿ ಸಿಕ್ಕಿತು. ಕೂದಲಿನ ವಿಷಯ ಹೇಳಿದಾಗ ಗೋಡೆ ಹಿಡಿದುಕೊಂಡು ನಕ್ಕಳು. “ದಿನಕ್ಕೊಂದು ಕೂದಲಾ ಕಿತ್ತರ ಹ್ಯಾಂಗ? ತಲಿ ಬೋಳಾಗೋಕಿಂತ ಮೊದಲ ಒಂದು ಕೀಲಿ ತಗೋ,” ಎಂದಳು. ನಾನೂ ನಕ್ಕೆ. ನಕ್ಕ ಮೇಲೂ ಪೂರ್ತಿ ನಂಬಿದೆ ಎಂದು ಹೇಳಲಾರೆ. ಆದರೆ ಮೂಲೆಯ ಗುರುತುಗಳು ಎಲ್ಲ ಸರಿಯಾಗಿಯೇ ಇದ್ದವು. ಯಾರೂ ಏನೂ ಅದಲು ಬದಲು ಮಾಡಿರಲಿಲ್ಲ.

ಉತ್ತರ ಸಿಕ್ಕಿದ್ದು ಸಿಂಕಿನ ಬಳಿ. ಬೆಳಗಿನ ಹೊತ್ತು, ಕಿಟಕಿಯಿಂದ ಬಿಸಿಲು ನೇರ ಬೀಳುತ್ತಿತ್ತು. ಅಸಿಟೋನಿನಲ್ಲಿ ತೊಳೆದ ಜಾಲರಿಯ ಮೇಲೆ ಬಟ್ಟಿ ಇಳಿಸಿದ ನೀರು ಸುರುವಿದೆ. ನೀರು ಸಣ್ಣ ಸಣ್ಣ ಮಣಿಗಳಾಗಿ ನಿಂತಿತು, ಎಣ್ಣೆ ಹಚ್ಚಿದ ತಲೆಯ ಮೇಲೆ ನಿಂತ ಹಾಗೆ. ನಾನು ಆ ತುಂಡನ್ನು ವಾರೆ ಹಿಡಿದೆ. ಹಾಗೆ ಹಿಡಿಯುವುದು ನನ್ನ ಕೈಗೆ ಯಾರಿಂದ ಬಂದ ರೂಢಿ ಎಂದು ಆಗ ಹೊಳೆಯಿತು. ಹೀಗೆ ಹನಿ ಕಟ್ಟಿದ ತಟ್ಟೆಯನ್ನು ಅವ್ವ ಚರ್ಚಿಗೆ ಕಳಿಸುತ್ತಿರಲಿಲ್ಲ.

ಬಾಟಲಿಯನ್ನು ಮೂಸಿ ನೋಡಿದೆ, ಒಂದು ಹನಿಯನ್ನು ಗಾಜಿನ ಮೇಲೆ ಒಣಗಿಸಿದೆ. ಜಿಡ್ಡಿನ ಕಲೆ ಉಳಿಯಿತು. ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ಬಳಸಿದ ಅಸಿಟೋನನ್ನು ಚೆಲ್ಲದೆ ಅದೇ ಬಾಟಲಿಗೆ ವಾಪಸ್ಸು ಸುರುವುವುದು ನಮ್ಮ ವಿಭಾಗದಲ್ಲಿ ಎಲ್ಲರ ರೂಢಿ. ವ್ಯರ್ಥ ಮಾಡಬಾರದೆಂದು ಹಿರಿಯರು ಕಲಿಸಿದ್ದು, ಕಿರಿಯರಿಗೆ ನಾವು ಕಲಿಸಿದ್ದು. ಹತ್ತು ಜನರ ಜಾಲರಿಗಳ ಎಣ್ಣೆಯನ್ನು ಹೊತ್ತುಕೊಂಡ ಆ ದ್ರವದಲ್ಲಿ ನಾನು ನನ್ನದನ್ನು ತೊಳೆಯುತ್ತಿದ್ದೆ. ಈಸ್ಟರಿನ ಆರು ತುಂಡುಗಳು ಮಾತ್ರ ಆ ಬಾಟಲಿಯನ್ನು ಕಂಡಿರಲಿಲ್ಲ. ಅವು ಬೂದಿ ಕಂಡಿದ್ದವು.

ಓಡಿಹೋಗಿ ಸರ್ ಅವರಿಗೆ ಹೇಳಬೇಕಿತ್ತು. ನೋಟ್‌ಬುಕ್ ತೆರೆದೆ, ಹೋಗಲಿಲ್ಲ. ನನ್ನದೇ ಅಕ್ಷರ, ಕೆಳಗೆ ಅವರ ಸಹಿ: ಅಸಿಟೋನಿನಲ್ಲಿ ತೊಳೆಯಲಾಯಿತು. ಇಷ್ಟು ದಿನ ಯಾರ ಮೇಲೆಲ್ಲ ಸಂಶಯಪಟ್ಟಿದ್ದೆ. ಸುಳ್ಳು ಮಾತ್ರ ನನ್ನ ಕೈಯಲ್ಲೇ ಇತ್ತು. ಈಗ ನಿಜ ಹೇಳಿದರೆ, ಈ ಹುಡುಗಿ ಮಾಡದ್ದನ್ನು ಮಾಡಿದ್ದೇನೆಂದು ಬರೆಯುತ್ತಾಳೆ ಎಂಬುದಕ್ಕೆ ಸಾಕ್ಷಿಯನ್ನು ನಾನೇ ಒಯ್ದು ಕೊಟ್ಟ ಹಾಗೆ.

ಅದಕ್ಕೆ ಇನ್ನೊಂದು ದಾರಿ ಯೋಚಿಸಿದೆ. ಊರಿನಿಂದ ಬೂದಿ ತಂದು ಜಾಲರಿಯನ್ನು ಗುಟ್ಟಾಗಿ ತಿಕ್ಕಿಡುವುದು, ಬರೇ ಅಸಿಟೋನನ್ನು ನಂಬುವ ಧೈರ್ಯ ಉಳಿದಿರಲಿಲ್ಲ. ಸರ್ ಎದುರು ಅಸಿಟೋನಿನ ಬೀಕರಿನಲ್ಲಿ ಅದ್ದಿದ ಹಾಗೆ ಮಾಡುವುದು, ಆದರೆ ಬೀಕರಿಗೆ ಬೇರೆ ಕಡೆಯಿಂದ ತಂದ ಶುದ್ಧ ಅಸಿಟೋನು ಹಾಕುವುದು. ಪದರ ನಿಲ್ಲುತ್ತದೆ, ಸಹಿ ಬೀಳುತ್ತದೆ, ಸಾಲು ಹಾಗೇ ಉಳಿಯುತ್ತದೆ. ಎರಡು ದಿನ ಇದನ್ನೇ ತಲೆಯಲ್ಲಿ ತಿರುಗಿಸಿ ಶನಿವಾರ ಬಸ್ಸು ಹತ್ತಿದೆ.

ಅವ್ವ ತೊಗರಿ ಬೇಳೆ ಹಸನು ಮಾಡುತ್ತಾ ಕುಳಿತಿದ್ದಳು. ಸೋಸಿದ ಬೂದಿ ಇದ್ದರೆ ಸ್ವಲ್ಪ ಕೊಡು ಎಂದೆ, ಆದಷ್ಟು ಹಗುರವಾಗಿ. ಅವಳು ಕೈ ನಿಲ್ಲಿಸಿ ನೋಡಿದಳು. ಬೀದರಿನ ಕಾಲೇಜಿಗೆ ಬೂದಿ ಯಾಕೆ ಎಂದಳು. ನಾನು ಸುತ್ತುಬಳಸಿ ಹೇಳಿದೆ. ಅವಳು ಒಂದೊಂದೇ ಪ್ರಶ್ನೆ ಕೇಳುತ್ತಾ ಸುತ್ತನ್ನೆಲ್ಲ ಬಿಚ್ಚಿಸಿದಳು. ಕೊನೆಗೆ ಮೊರ ಕೆಳಗಿಟ್ಟಳು.

“ಅಂದ್ರ ಪುಸ್ತಕದಾಗ ಸುಳ್ಳ ಬರ್ದಿ. ಈಗ ಆ ಸುಳ್ಳಿಗಿ ನನ್ನ ಬೂದಿ ಬೇಕಾಗ್ಯಾದ.”

“ಹೇಳಿದ್ರ ಸರ್ ಸಹಿ ಹಾಕಲ್ಲವ್ವ. ಮಾಮಾಗ ಏನ್ ಹೇಳ್ತಿ?”

“ಮಾಮಾಂದು ನಾ ನೋಡ್ಕೋತೇನಿ. ಹುಣಸಿಹಣ್ಣು, ಬೂದಿ ಅಂತ ಬರಿಲಿಕ್ಕ ನಿನಗ ನಾಚ್ಕಿ ಬಂತು, ಹೌದಿಲ್ಲೋ? ನಾ ಅದೇ ಕೈಲಿ ದೇವರ ತಟ್ಟಿ ತಿಕ್ತೇನಿ, ನನಗ ನಾಚ್ಕಿ ಬರಲ್ಲ.” ಮೊರವನ್ನು ಮತ್ತೆ ಕೈಗೆತ್ತಿಕೊಂಡಳು. “ಹೇಳಿ ಒಯ್ಯೋದಿದ್ರ ಡಬ್ಬಿ ತುಂಬ ಕೊಡ್ತೇನಿ. ಕದ್ದು ಒಯ್ಯೋದಿದ್ರ ಒಂದು ಚಿಟಿಗಿನೂ ಇಲ್ಲ.”

ಊಟಕ್ಕೆ ಕರೆದಳು, ಬಡಿಸಿದಳು, ಮತ್ತೆ ಆ ಮಾತು ಎತ್ತಲಿಲ್ಲ. ಡಬ್ಬಿಯನ್ನೂ ಕೊಡಲಿಲ್ಲ. ಭಾನುವಾರ ಹೊರಡುವಾಗ ನಾನೇ ಕೇಳಿದೆ, ಹೇಳಿಯೇ ಒಯ್ಯುತ್ತೇನೆ ಎಂದೆ. ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ನಂಬಿದಳೋ ಇಲ್ಲವೋ ಗೊತ್ತಿಲ್ಲ. ಹಾರ್ಲಿಕ್ಸಿನ ಹಳೇ ಬಾಟಲಿಯ ತುಂಬ ಬೂದಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಕೊಟ್ಟಳು.

ಸೋಮವಾರ ಸರ್ ಬಾಗಿಲು ತೆರೆಯುವ ಮುಂಚೆಯೇ ಹೊರಗೆ ನಿಂತಿದ್ದೆ. ಒಳಗೆ ಹೋಗಿ ಆ ಪುಟ ತೆರೆದೆ. ಅವರ ಎದುರೇ ಆ ಸಾಲಿನ ಮೇಲೆ ಒಂದು ಗೆರೆ ಎಳೆದೆ. ಪಕ್ಕದಲ್ಲಿ ಅಂದಿನ ತಾರೀಖು ಹಾಕಿ, ತೊಗರಿ ಕಟ್ಟಿಗೆಯ ಬೂದಿ ಮತ್ತು ಹುಣಸೆ ರಸದಿಂದ ಮನೆಯಲ್ಲಿ ತಿಕ್ಕಿ ತೊಳೆದದ್ದು ಎಂದು ಬರೆದೆ. ಬೂದಿಯ ಬಾಟಲಿಯನ್ನು ಮೇಜಿನ ಮೇಲಿಟ್ಟೆ. ಬಳಸಿದ ಅಸಿಟೋನಿನ ಸಂಗತಿಯನ್ನೂ ಹೇಳಿದೆ. ಅವರು ಬೈಯಲಿಲ್ಲ. ಈ ಸಲವಾದರೂ ಬೈಯಲಿ ಎಂದು ನಾನು ಕಾಯುತ್ತಿದ್ದೆ.

“ಇದೂ ಸುಳ್ಳ ಇರಬಹುದಲ್ರಿ,” ಎಂದರು. “ಒಂದು ಸರ್ತಿ ಬರ್ದವ್ರು ಇನ್ನೊಮ್ಮೆ ಬರಿಲಿಕ್ಕ ಯಾಕ ಹಿಂದ ಮುಂದ ನೋಡ್ತೀರಿ?”

ನಾನು ಏನೇ ಹೇಳಿದರೂ ಅದೂ ಸುಳ್ಳು ಬರೆದವಳ ಮಾತೇ ಆಗುತ್ತಿತ್ತು.

ಅವರೇ ದಾರಿ ಹುಡುಕಿದರು. ಆರು ತುಂಡು ತರಿಸಿದರು. ಮೂರನ್ನು ಆ ಹಳೇ ಬಾಟಲಿಯಲ್ಲಿ ತೊಳೆಯಬೇಕು, ಮೂರನ್ನು ಬೂದಿ ಹುಣಸೆಯಲ್ಲಿ ತಿಕ್ಕಬೇಕು, ಎಲ್ಲವೂ ಅವರ ಕಣ್ಣೆದುರು. ಒಣಗಿದ ಮೇಲೆ ಅವನ್ನು ಅವರೇ ಬೆರೆಸಿ, ಕಾಗದದಲ್ಲಿ ಸುತ್ತಿ, ನಂಬರು ಬರೆದು, ಯಾವ ನಂಬರು ಯಾವುದು ಎಂಬ ಚೀಟಿಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡರು. ಪದರ ಕೂರಿಸುವ, ಸೆಲ್ಲು ಕಟ್ಟುವ ಕೆಲಸ ನನಗಲ್ಲ, ಕಮಲನಗರದವಳಿಗೆ. ಅವಳಿಗೆ ಯಾವುದು ಯಾವುದೆಂದು ಗೊತ್ತಿಲ್ಲ. ನಾನು ಆ ಕೋಣೆಗೆ ಕಾಲಿಡುವಂತಿಲ್ಲ.

ಆ ಐದು ದಿನ ಕಾರಿಡಾರಿನ ಬೆಂಚಿನ ಮೇಲೆ ಕುಳಿತು ಪ್ರಾಜೆಕ್ಟ್ ವರದಿಯ ಉಳಿದ ಅಧ್ಯಾಯಗಳನ್ನು ಬರೆದೆ. ಅವಳು ಹೊರಗೆ ಬಂದಾಗೆಲ್ಲ ಮುಖ ನೋಡುತ್ತಿದ್ದೆ. ಅವಳು ಬೇಕೆಂದೇ ಮುಖ ಗಂಟಿಕ್ಕಿಕೊಂಡು ಹೋಗುತ್ತಿದ್ದಳು. ಹೇಗೆ ನಡೆದಿದೆ ಎಂದು ಕೇಳಿದರೆ, “ಸರ್ ಹೇಳಬ್ಯಾಡ ಅಂದಾರ. ನಿನಗ ಹೇಳಿ ನಾನೂ ಕಳ್ಳಿ ಆಗ್ಲೇನು?” ಎನ್ನುತ್ತಿದ್ದಳು.

ಐದನೇ ದಿನ ಮಧ್ಯಾಹ್ನ ಸರ್ ಒಳಗೆ ಕರೆದರು. ಮೂರು ಸೆಲ್ಲು ನಡೆಯುತ್ತಿದ್ದವು, ಮೂರರಲ್ಲಿ ತಳದ ತುಂಬ ಸಿಪ್ಪೆ. ಅವರು ಜೇಬಿನಿಂದ ಚೀಟಿ ತೆಗೆದು, ಕನ್ನಡಕ ಏರಿಸಿ, ನಂಬರುಗಳನ್ನು ಒಂದೊಂದಾಗಿ ಹೋಲಿಸಿದರು. ಎರಡನೇ ಸಲವೂ ಹೋಲಿಸಿದರು. ಆಮೇಲೆ ಚೀಟಿಯನ್ನು ನನ್ನ ನೋಟ್‌ಬುಕ್ಕಿಗೆ ಅಂಟಿಸಿ ಸಹಿ ಹಾಕಿದರು.

“ಆ ಬಾಟ್ಲಿ ಇನ್ನ ಯಾರೂ ಮುಟ್ಟಬ್ಯಾಡ್ರಿ ಅಂತ ಚೀಟಿ ಹಚ್ಚು,” ಎಂದರು. “ಮತ್ತ ನೀ ನಾಳಿ ಬರೇ ಹುಣಸಿ, ಬರೇ ಬೂದಿ, ಹೊಸಾ ಅಸಿಟೋನ್, ಬ್ಯಾರೆ ಬ್ಯಾರೆ ಮಾಡಿ ನೋಡು. ಯಾವುದರ ಗುಣ ಅಂತ ಗೊತ್ತಿಲ್ಲದ ಬರೀಬ್ಯಾಡ. ಹೋಗು, ಹಲ್ಲು ಕಿಸಿಬ್ಯಾಡ.”

ನೀ ಎಂದರು. ಹೊರಗೆ ಬಂದು ಬೆಂಚಿನ ಮೇಲೆ ಕುಳಿತು ಅತ್ತೆ.

ಬರೇ ಹುಣಸೆಯಲ್ಲಿ ತೊಳೆದದ್ದು ಸಾಧಾರಣ. ಬರೇ ಬೂದಿಯದು ಚೆನ್ನಾಗಿತ್ತು. ಎರಡೂ ಸೇರಿದ್ದು ಎಲ್ಲಕ್ಕಿಂತ ಚೆನ್ನಾಗಿತ್ತು. ಹೊಸ ಅಸಿಟೋನು ಜಿಡ್ಡು ತೆಗೆಯುತ್ತಿತ್ತು, ಆದರೆ ನುಣುಪು ಸ್ಟೀಲನ್ನು ನುಣುಪಾಗಿಯೇ ಬಿಡುತ್ತಿತ್ತು. ಬೂದಿಯ ಕಣ ಕಣ್ಣಿಗೆ ಕಾಣದಷ್ಟು ಸಣ್ಣ ಗೀರು ಎಳೆದು ಪದರಕ್ಕೆ ಹಿಡಿತ ಕೊಡುತ್ತಿತ್ತು ಎಂದು ನಾವು ಬರೆದೆವು. ಇರಬಹುದು ಎಂದೇ ಬರೆದೆವು, ಹೌದು ಎಂದಲ್ಲ. ನಮ್ಮ ಬ್ಯಾಟರಿ ಲೋಕವನ್ನೇನೂ ಬದಲಿಸಲಿಲ್ಲ. ಇನ್ನಷ್ಟು ದಿನ ನಡೆಸಿದಾಗ ಸತುವಿನ ಹಾಳೆಯ ಕಡೆ ಮುಳ್ಳಿನಂಥ ಎಳೆಗಳು ಬೆಳೆದು ಅದೂ ಕೆಟ್ಟಿತು. ಅದನ್ನೂ ಬರೆದೆವು.

ಪರೀಕ್ಷೆಗೆ ಬಂದವರು ಬೇರೆ ವಿಶ್ವವಿದ್ಯಾಲಯದ ಒಬ್ಬ ಮೇಡಂ. ನಾನು ನಾಲ್ಕು ದಿನ ತಾಲೀಮು ಮಾಡಿದ ಮಾತುಗಳನ್ನು ಅವರು ಕೇಳಲೇ ಇಲ್ಲ. ನೋಟ್‌ಬುಕ್ ಕೊಡಿ ಎಂದರು. ತಿರುವುತ್ತಾ ಹೋಗಿ ಗೆರೆ ಎಳೆದ ಪುಟದಲ್ಲಿ ನಿಂತರು. ಬೆರಳು ಅಲ್ಲೇ ಇಟ್ಟರು.

“ಅಸಿಟೋನ್ ಅಂತ ಬರೆದು ಹೊಡೆದಿದ್ದೀರಿ. ಯಾಕೆ?”

ನಾನು ಸರ್ ಕಡೆ ನೋಡಿದೆ. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು.

“ಸುಳ್ಳ ಬರ್ದಿದ್ದೆರಿ ಮೇಡಂ.”

“ಸುಳ್ಳು ಅಂತ ಯಾವಾಗ ಗೊತ್ತಾಯಿತು?”

“ಬರಿಯೋವಾಗೇ ಗೊತ್ತಿತ್ರಿ. ಅದು ಸಣ್ಣದಲ್ಲ ಅನ್ನೋದು ಆಮ್ಯಾಲೆ ಗೊತ್ತಾತ್ರಿ.”

ಅವರು ನೋಟ್‌ಬುಕ್ ಮುಚ್ಚಿದರು. ಒಂದು ಜಾಲರಿ ತಿಕ್ಕಿ ತೋರಿಸಿ ಎಂದರು. ತೋರಿಸಿದೆ. ನೀರು ಹರಡಿ ನಿಂತದ್ದನ್ನು ಬಗ್ಗಿ ನೋಡಿದರು, ತಾವೂ ಒಂದನ್ನು ತಿಕ್ಕಿ ನೋಡಿದರು, ಕೈ ತೊಳೆದುಕೊಂಡರು. ಮುಂದಿನವರನ್ನು ಕರೆಯಿರಿ ಎಂದರು. ಅದು ಒಳ್ಳೆಯದೋ ಕೆಟ್ಟದ್ದೋ ಫಲಿತಾಂಶ ಬರುವವರೆಗೂ ನನಗೆ ತಿಳಿಯಲಿಲ್ಲ. ಅಷ್ಟು ದಿನವೂ ನಾನು ಅವರ ಆ ಬೆರಳನ್ನೇ ನೆನೆಯುತ್ತಿದ್ದೆ.

ಫಲಿತಾಂಶ ಬಂದ ದಿನ ಪಾಸಾದೆ ಎಂದು ಭಾಲ್ಕಿಗೆ ಫೋನ್ ಮಾಡಿದೆ. ಮಾಮಾ ಅಭಿನಂದನೆಯ ಮಾತಾಡಲಿಲ್ಲ. “ರಿಜಿಸ್ಟರ್ ನಂಬರ್ ಹೇಳು, ನಾ ನೋಡ್ತೇನಿ,” ಎಂದ. ನೋಡಿದ. ಸ್ವಲ್ಪ ಹೊತ್ತಿನ ನಂತರ ತಾನೇ ಫೋನ್ ಮಾಡಿ ಹೆಸರಿನ ಕಾಗುಣಿತ ಸರಿ ಇದೆಯೇ ಎಂದು ಕೇಳಿದ. ಸರಿ ಇತ್ತು. ಫೋನ್ ಇಟ್ಟುಬಿಟ್ಟ.

ಪದವಿ ಪ್ರಮಾಣಪತ್ರ ಕೈಗೆ ಬರಲು ಮತ್ತೆ ಕೆಲವು ತಿಂಗಳು ಹಿಡಿಯಿತು. ತರಲು ಹೋಗುವ ದಿನ ಅವ್ವ ತಾನೂ ಬರುತ್ತೇನೆ ಎಂದಳು. ಕೌಂಟರಿನ ಗುಮಾಸ್ತರು ನನ್ನ ಆಧಾರ್ ಕಾರ್ಡನ್ನು ನೋಡಿದರು, ಫೋಟೋವನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಫೋಟೋ ನೋಡಿದರು. ಎರಡು ಕಡೆ ಸಹಿ ಮಾಡಿಸಿಕೊಂಡರು. ಆಮೇಲೆ ದಪ್ಪ ಕಾಗದದ ಆ ಹಾಳೆಯನ್ನು ಜಾಲರಿಯ ಕೆಳಗಿನ ಸಂದಿಯಿಂದ ತಳ್ಳಿದರು. ನಾನು ತೆಗೆದುಕೊಂಡು ಅವ್ವನ ಕೈಗೆ ಕೊಟ್ಟೆ.

ಅವಳಿಗೆ ಓದಲು ಬರುವುದಿಲ್ಲ. ಪಕ್ಕಕ್ಕೆ ಸರಿದು ನಿಂತು, ಪ್ರತಿ ಸಾಲಿನ ಮೇಲೆ ಬೆರಳಿಟ್ಟು ಓದಿಸಿದಳು. ನನ್ನ ಹೆಸರು, ಅಪ್ಪನ ಹೆಸರು, ವಿಷಯ, ದರ್ಜೆ, ವರ್ಷ. ಕೊನೆಯ ಸಹಿಗಳವರೆಗೂ ಬಂದಳು. ಹಿಂದೆ ಸಾಲಿನಲ್ಲಿದ್ದವರು ನಮ್ಮನ್ನೇ ನೋಡುತ್ತಿದ್ದರು.

“ಇದರಾಗ ಬರ್ದದ್ದು ಎಲ್ಲಾ ಖರೇ ಅದ ಏನ?”

“ಎಲ್ಲಾ ಖರೇ ಅದವ್ವ.”

ಚೀಲದಲ್ಲಿಡಲು ನಾನು ಹಾಳೆಯ ಅಂಚು ಹಿಡಿದೆ. ಅವಳು ಕೈ ಬಿಡಲಿಲ್ಲ.

“ಹಂಗಾರ ಮಡಚಬ್ಯಾಡ,” ಎಂದಳು.